ಮರುಭೂಮಿಗೆ ಎಷ್ಟು ಬಣ್ಣ ಬೇಕು?

ಅಮೆರಿಕದ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ 1929ರಲ್ಲಿ ನ್ಯೂ ಮೆಕ್ಸಿಕೋಗೆ ಬಂದಾಗ ಫೋರ್ಡ್ ಮಾಡೆಲ್ ಎ ಕಾರೊಂದನ್ನು ಕೊಂಡು, ಓಡಿಸುವುದನ್ನೂ ಕಲಿತರು. ಆ ಕಾರೇ ಅವರ ಚಿತ್ರಶಾಲೆಯೂ ಆಯಿತು. ಮುಂದಿನ ಸೀಟನ್ನು ಹಿಂದಕ್ಕೆ ತಿರುಗಿಸಿ ಕೂತು, ಹಿಂದಿನ ಸೀಟಿಗೆ ಕ್ಯಾನ್ವಾಸ್ ಒರಗಿಸಿಕೊಂಡು, ಬಿಸಿಲು ಗಾಳಿ ಮರಳಿನ ಕಾಟ ತಪ್ಪಿಸಿಕೊಂಡು ಕೆಂಪು ಗುಡ್ಡಗಳನ್ನು ಚಿತ್ರಿಸಿದರು. ಮನೆಯ ಮೂಲೆಯಲ್ಲೇ ಕಡಿಮೆ ಖರ್ಚಿನಲ್ಲಿ ತೈಲವರ್ಣ ಶುರು ಮಾಡಬೇಕೆನ್ನುವವರಿಗೆ ಈ ಕಾರು ದೊಡ್ಡ ಧೈರ್ಯ. ಎದುರು ಪಕ್ಷದವರು ತೋರಿಸುವುದೂ ಇದೇ ಕಾರನ್ನೇ: ಜಾಗ ಇಕ್ಕಟ್ಟಾಗಿತ್ತು ನಿಜ, ಆದರೆ ಒಳಗಿದ್ದ ಬಣ್ಣ, ಬ್ರಷ್ಷುಗಳ ವಿಷಯದಲ್ಲಿ ಓಕೀಫ್ ರಾಜಿ ಮಾಡಿಕೊಂಡವರಲ್ಲ. ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಕೂಡದು ಎಂಬುದೇ ಇಲ್ಲಿನ ತಕರಾರು.

ಒಳ್ಳೆಯ ಬಣ್ಣವನ್ನೇ ಕೊಳ್ಳಿ ಎನ್ನುವವರ ಮಾತಿಗೆ ತೂಕವಿದೆ. ‘ಸ್ಟೂಡೆಂಟ್’ ದರ್ಜೆಯ ಟ್ಯೂಬಿನಲ್ಲಿ ವರ್ಣದ್ರವ್ಯ ಕಡಿಮೆ, ಸೀಮೆಸುಣ್ಣದಂಥ ಭರ್ತಿ ಹೆಚ್ಚು. ಮರುಭೂಮಿಯ ಹಗಲು ಬಹುಪಾಲು ತಿಳಿಬಣ್ಣಗಳದ್ದು. ಪ್ರತಿ ಮಿಶ್ರಣಕ್ಕೂ ಬಿಳಿ ಬೀಳುತ್ತದೆ. ಸತ್ವವಿಲ್ಲದ ಬಣ್ಣ ಬಿಳಿಯ ಜೊತೆ ಸೇರಿದ ಕೂಡಲೇ ಸಪ್ಪೆಯಾಗುತ್ತದೆ. ಮೇಲಾಗಿ, ಅಲ್ಲಿನ ಒಣ ಗಾಳಿಯಲ್ಲಿ ಹತ್ತಾರು ಮೈಲಿ ಆಚೆಯ ಬೆಟ್ಟವೂ ಸ್ಪಷ್ಟವಾಗಿಯೇ ಕಾಣುತ್ತದೆ. ಮಲೆನಾಡಿನ ಚಿತ್ರದಲ್ಲಾದರೆ ಮಂಜಿನ ನೀಲಿ ಬಳಿದು ಬೆಟ್ಟವನ್ನು ಹಿಂದಕ್ಕೆ ತಳ್ಳಬಹುದು. ಅಲ್ಲಿ ಆ ಉಪಾಯ ಅಷ್ಟಾಗಿ ನಡೆಯದು. ದೂರವನ್ನು ಬಣ್ಣದ ಸಣ್ಣ ಸಣ್ಣ ವ್ಯತ್ಯಾಸಗಳಲ್ಲೇ ತೋರಿಸಬೇಕು. ದುರ್ಬಲ ಬಣ್ಣ ಅದಕ್ಕೆ ಒದಗುವುದಿಲ್ಲ.

ಆದರೂ ಅಗ್ಗದ ಪಕ್ಷವೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ, ಅದೂ ಮರುಭೂಮಿಯ ಮಟ್ಟಿಗೆ. ನ್ಯೂ ಮೆಕ್ಸಿಕೋದ ಘೋಸ್ಟ್ ರಾಂಚ್ ಸುತ್ತಲಿನ ಗುಡ್ಡಗಳಿಗೂ ಯೂಟಾದ ಮರಳುಗಲ್ಲಿಗೂ ಕೆಂಪು ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ. ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್, ಇಂಡಿಯನ್ ರೆಡ್ ಟ್ಯೂಬುಗಳಲ್ಲಿ ಇರುವುದೂ ಅದೇ ಕಬ್ಬಿಣದ ಸಂಯುಕ್ತಗಳು. ನಮ್ಮ ಕರಾವಳಿಯ ಗೋಡೆಗಳ ಮೇಲಿನ ಕಾವಿ ಚಿತ್ರಗಳ ಕೆಂಪೂ ಇದೇ ಬಳಗದ್ದು. ಮಣ್ಣಿನ ಬಣ್ಣಗಳು ಹೇಗೂ ಅಗ್ಗವಾದ್ದರಿಂದ ಕೆಳದರ್ಜೆಯ ಟ್ಯೂಬಿಗೂ ಸಾಮಾನ್ಯವಾಗಿ ನಿಜವಾದ ವರ್ಣದ್ರವ್ಯವೇ ಬೀಳುತ್ತದೆ. ದರ್ಜೆಗಳ ನಡುವಿನ ಅಂತರ ಕಣ್ಣಿಗೆ ಹೊಡೆಯುವುದು ಕ್ಯಾಡ್ಮಿಯಂ, ಕೋಬಾಲ್ಟ್‌ಗಳಂಥ ದುಬಾರಿ ಬಣ್ಣಗಳಲ್ಲಿ. ಅಲ್ಲಿ ಟ್ಯೂಬಿನ ಮೇಲೆ ‘ಹ್ಯೂ’ ಎಂದಿದ್ದರೆ ಒಳಗಿರುವುದು ಬದಲಿ ದ್ರವ್ಯ. ಹೂವು ಬಿಡಿಸುವವರಿಗೆ ಅದು ನಷ್ಟವೇ. ಬಂಡೆ, ಮರಳು ಬಿಡಿಸುವವರು ಸಿಯೆನ್ನಾ, ಓಕರ್, ಅಲ್ಟ್ರಾಮರೀನ್ ನೀಲಿ, ಬಿಳಿ ಇಷ್ಟರಲ್ಲೇ ಬಹುದೂರ ಹೋಗಬಹುದು. ಸಿಯೆನ್ನಾಗೆ ಬಿಳಿ ಬೆರೆಸಿದರೆ ಬೆಳಗಿನ ಹತ್ತರ ಬಿಸಿಲಿಗೆ ಮುಖ ಮಾಡಿದ ಬಂಡೆ ಸಿಕ್ಕಿತು. ಅದಕ್ಕೇ ಅಲ್ಟ್ರಾಮರೀನ್ ಸೇರಿಸಿದರೆ ಅದರ ನೆರಳು. ಆ ನೆರಳಿನಲ್ಲಿ ಆಕಾಶಕ್ಕೆ ತೆರೆದ ಕಡೆ ನೀಲಿ ಹೆಚ್ಚು, ಕಾದ ನೆಲದ ಹತ್ತಿರ ಸಿಯೆನ್ನಾ ಹೆಚ್ಚು. ಕಪ್ಪಿನ ಟ್ಯೂಬು ಬೇಕಾಗುವುದೇ ಇಲ್ಲ.

ಅಗ್ಗದ ಬಣ್ಣ ಕೈಯನ್ನು ಬಿಗಿಹಿಡಿಯುವುದೂ ಇಲ್ಲ. ದುಬಾರಿ ಟ್ಯೂಬನ್ನು ಜನ ಕಾಳಿನಷ್ಟೇ ಹಿಂಡಿ, ಎಳೆದೆಳೆದು ತೆಳ್ಳಗೆ ಬಳಿಯುತ್ತಾರೆ. ಬಿಸಿಲು ಬಡಿದ ಕಲ್ಲಿಗೆ ಬೇಕಾದದ್ದು ದಪ್ಪ ಪದರ.

ಬಿಳಿಯ ವಿಷಯದಲ್ಲಿ ಮಾತ್ರ ನಾನು ಒಳ್ಳೆಯ ಬಣ್ಣದ ಪಕ್ಷಕ್ಕೆ ಸೇರುತ್ತೇನೆ. ಎಲ್ಲಕ್ಕಿಂತ ಹೆಚ್ಚು ಖರ್ಚಾಗುವುದು ಅದೇ, ಎಲ್ಲ ಮಿಶ್ರಣಗಳಲ್ಲೂ ಇರುವುದು ಅದೇ. ಟೈಟಾನಿಯಂ ಬಿಳಿಯ ದೊಡ್ಡ ಟ್ಯೂಬು ಕೊಳ್ಳುವಾಗ ಲೇಬಲ್ ಓದಬೇಕು. ಸತುವಿನ ಆಕ್ಸೈಡ್ ಹೆಚ್ಚಿದ್ದರೆ ವರ್ಷಗಳು ಕಳೆದಂತೆ ಪದರ ಪೆಡಸಾಗಿ ಬಿರುಕು ಬಿಡಬಹುದು. ಹಾಗೆಂದು ಬೆಲೆ ಕೊಟ್ಟ ಮಾತ್ರಕ್ಕೆ ಬಾಳಿಕೆ ಬರುತ್ತದೆಂದೂ ಅಲ್ಲ. ಓಕೀಫ್ ಅವರ ಹಲವು ಚಿತ್ರಗಳ ಮೈಮೇಲೆ ಕಾಲಕ್ರಮದಲ್ಲಿ ಸಣ್ಣ ಗುಳ್ಳೆಗಳು ಎದ್ದಿವೆ. ಬಣ್ಣದ ಪದರಗಳಲ್ಲಿನ ಲೋಹವು ಎಣ್ಣೆಯ ಕೊಬ್ಬಿನಾಮ್ಲಗಳೊಡನೆ ಕೂಡಿ ಆದ ಸೋಪು ಅದು. ಅವರ ಹೆಸರಿನ ವಸ್ತುಸಂಗ್ರಹಾಲಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ ಇದನ್ನು ಅಧ್ಯಯನ ಮಾಡಿದೆ. ಆದ್ದರಿಂದ ಹಾರ್ಡ್‌ಬೋರ್ಡಿನ ತುಂಡಿಗೆ ಅಕ್ರಿಲಿಕ್ ಜೆಸ್ಸೋ ಎಂಬ ತಳಪದರ ಬಳಿದು ಚಿತ್ರ ಮಾಡುವವರು ಕೀಳರಿಮೆ ಪಡಬೇಕಾಗಿಲ್ಲ. ಕ್ಯಾನ್ವಾಸ್ ಬಟ್ಟೆಯಂತೆ ಆ ಬೋರ್ಡು ಜೋಲುವುದಿಲ್ಲ. ನಮ್ಮ ಮಳೆಗಾಲ ನೆನಪಿಟ್ಟುಕೊಂಡು ಹಿಂಬದಿಗೂ ಅಂಚಿಗೂ ಜೆಸ್ಸೋ ಬಳಿದರಾಯಿತು.

ಜಾಗದ ವಿಷಯಕ್ಕೆ ಬಂದರೆ, ಉತ್ತರದ ಕಿಟಕಿ ಇರಲೇಬೇಕೆಂಬ ಹಳೆಯ ನಿಯಮ ಯುರೋಪಿನ ಅಕ್ಷಾಂಶಕ್ಕೆ ಹೊಂದಿದ್ದು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ಇಲ್ಲಿ ಉತ್ತರಕ್ಕೇ ಇರುತ್ತಾನೆ. ತೆಳು ಬಿಳಿ ಪರದೆ ಇಲ್ಲದಿದ್ದರೆ ಉತ್ತರದ ಕಿಟಕಿಯೂ ಮೋಸ ಮಾಡುತ್ತದೆ. ಕೆಲಸ ಮುಗಿಸಿ ಬಂದು ರಾತ್ರಿ ಕೂರುವವರಿಗೆ ಕಿಟಕಿಗಿಂತ ಬಲ್ಬು ಮುಖ್ಯ. ಸಾಧಾರಣ ಎಲ್‌ಇಡಿಯಲ್ಲಿ ಗಾಢ ಕೆಂಪು ಕಳೆಗುಂದುತ್ತದೆ. ಬಂಡೆ ಸಪ್ಪೆಯಾಯಿತೆಂದು ಕೆಂಪು ಸುರಿಯುತ್ತಾ ಹೋದರೆ, ಬೆಳಿಗ್ಗೆ ಹಗಲು ಬೆಳಕಿನಲ್ಲಿ ಚಿತ್ರ ಅರಚುತ್ತಿರುತ್ತದೆ. 5000 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಸಹಜವಾಗಿ ತೋರಿಸುವ ಗುಣದ ಅಳತೆ) 90ಕ್ಕೆ ಮೇಲ್ಪಟ್ಟ ಬಲ್ಬಿಗೆ ಹಣ ಹಾಕಿ, ಈಸಲಿನ ಬದಲು ಗೋಡೆಗೆ ಎರಡು ಮೊಳೆ ಹೊಡೆಯಿರಿ. ಪ್ಯಾಲೆಟ್ಟಿಗೆ ಕಿಟಕಿಯ ಗಾಜಿನ ತುಂಡು, ಅದರಡಿ ಬೂದು ಕಾಗದ ಸಾಕು. ಒಂದು ಎಚ್ಚರ: ನಾರಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಯಾಗಿ ಹರಡಿ ಒಣಗಿಸಬೇಕು. ಮಲಗುವ ಕೋಣೆಯಲ್ಲಿ ಟರ್ಪೆಂಟೈನ್ ಬಾಟಲಿ ಬಿಚ್ಚುವುದಂತೂ ಬೇಡವೇ ಬೇಡ.

ಇಷ್ಟೆಲ್ಲ ಆದ ಮೇಲೂ ಉಳಿಯುವ ಪ್ರಶ್ನೆ, ಮನೆಯಲ್ಲಿ ಕೂತು ಮರುಭೂಮಿ ಬಿಡಿಸಬಹುದೇ ಎಂಬುದು. ಸ್ಥಳದಲ್ಲೇ ಚಿತ್ರಿಸಬೇಕು ಎನ್ನುವವರಿಗೆ ಕ್ಯಾಮೆರಾದ ಮೇಲೆ ಸಿಟ್ಟಿರುವುದು ಸಹಜ: ಫೋಟೋದಲ್ಲಿ ಆ ನೀಲಿ-ಕಂದು ನೆರಳು ಬರೀ ಕಪ್ಪಾಗುತ್ತದೆ, ದಿಗಂತದ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಆದರೆ ಸ್ಥಳದಲ್ಲಿ ಎರಡು ಗಂಟೆಯೊಳಗೆ ನೆರಳು ಇನ್ನೊಂದೆಡೆಗೆ ಸರಿದಿರುತ್ತದೆ, ಹಸಿ ಎಣ್ಣೆಗೆ ಮರಳು ಅಂಟಿರುತ್ತದೆ. ಮೇನಾರ್ಡ್ ಡಿಕ್ಸನ್ (1875–1946) ಅರಿಜೋನಾ, ಯೂಟಾ ಅಲೆದು ಸಣ್ಣ ಅಧ್ಯಯನಗಳನ್ನು ಮಾಡಿಕೊಂಡು ಬಂದು, ದೊಡ್ಡ ಚಿತ್ರಗಳನ್ನು ಸ್ಟುಡಿಯೋದಲ್ಲೇ ಕಟ್ಟಿದವರು. ಅರಿಜೋನಾದ ಫೀನಿಕ್ಸ್‌ನಲ್ಲಿರುವ ಕನ್ನಡಿಗರಿಗೆ ಸೆಡೋನಾದ ಕೆಂಬಂಡೆಗಳು ಸುಮಾರು ಎರಡು ಗಂಟೆಯ ದಾರಿ. ಅವರು ಡಿಕ್ಸನ್ ದಾರಿ ಹಿಡಿಯಬಹುದು. ಇಲ್ಲಿಂದ ಒಮ್ಮೆ ಹೋಗಿ ಬರುವವರು ಅಲ್ಲಿ ಚಿತ್ರ ಮಾಡಲು ಹೆಣಗದೆ, ಬಿಸಿಲು ಬಿದ್ದ ಕಲ್ಲು, ಅದರ ನೆರಳು, ಹತ್ತಿರದ ಮರಳು, ದೂರದ ಮರಳು, ದಿಗಂತ ಇವುಗಳ ಬಣ್ಣವನ್ನಷ್ಟೇ ಬೆರೆಸಿ ರಟ್ಟಿನ ಮೇಲೆ ಚೌಕಚೌಕವಾಗಿ ಬಳಿದು, ಪಕ್ಕದಲ್ಲಿ ಗಂಟೆ ಬರೆದುಕೊಳ್ಳುವುದು ಒಳ್ಳೆಯದು. ಆಕಾರಗಳಿಗೆ ಫೋನಿನ ಫೋಟೋ ಸಾಕು. ಹೋಗಲಾಗದವರು ಒಂದೇ ದೃಶ್ಯದ ಎರಡು ಫೋಟೋ ಹುಡುಕಿಕೊಳ್ಳಲಿ, ಒಂದರಲ್ಲಿ ನೆರಳಿನ ವಿವರ ಇರಬೇಕು, ಇನ್ನೊಂದರಲ್ಲಿ ಆಕಾಶದ ಬಣ್ಣ.