ಜ್ವರದ ಟೈಂಟೇಬಲ್

ಮಳೆ ಹಿಡಿದು ತಿಂಗಳಾಗುವಷ್ಟರಲ್ಲಿ ನವಿ ಮುಂಬಯಿಯ ನಮ್ಮ ಬೇಲಾಪುರದಲ್ಲಿ ‘ವೈರಲ್’ ಶುರು. ದವಾಖಾನೆಯ ಬೆಂಚಿನಲ್ಲಿ ಕೂರಲು ಜಾಗವಿರುವುದಿಲ್ಲ. ಮಳೆಯಲ್ಲಿ ನೆನೆದದ್ದಕ್ಕೆ ಬಂತು ಅನ್ನುತ್ತೇವೆ. ಬರೀ ನೆನೆದರೆ ಇನ್‌ಫ್ಲುಯೆಂಜಾ ಬರುವುದಿಲ್ಲ. ಯಾರಾದರೂ ತಂದು ಅಂಟಿಸಬೇಕು. ತರುವವರ ಹಾದಿ ಹುಡುಕಲು ವೈದ್ಯರ ಪುಸ್ತಕಕ್ಕಿಂತ ರೈಲಿನ ಟೈಂಟೇಬಲ್ ಹೆಚ್ಚು ಉಪಯೋಗಕ್ಕೆ ಬಂದೀತು.

1918ರ ಜೂನ್ 10ರಂದು ಮುಂಬಯಿಯಲ್ಲಿ ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು; ಅವರಲ್ಲೊಬ್ಬನ ಕಾವಲು ಬಂದರಿನಲ್ಲಿತ್ತು. ಹಡಗಿನಿಂದ ಇಳಿದ ಆ ವರ್ಷದ ಮಾರಿ ಫ್ಲೂ ರೈಲು ಹತ್ತಿತು. ಸೆಪ್ಟೆಂಬರಿನ ಎರಡನೆಯ ಅಲೆ ಊರೂರನ್ನೇ ಗುಡಿಸಿತು. ಇದರ ಹರಡುವಿಕೆಯಲ್ಲಿ ರೈಲಿನ ಪಾಲು ದೊಡ್ಡದೆಂದು ಸರ್ಕಾರದ ನೈರ್ಮಲ್ಯ ಕಮಿಷನರ್ ನಾರ್ಮನ್ ವೈಟ್ ಅವರೇ ಬರೆದಿಟ್ಟರು. ಪೂರ್ವಕ್ಕೆ ಸಾಗುತ್ತ ಅಲೆಯ ಕಸುವು ತಗ್ಗಿತು. ಮುಂಬಯಿ ಪ್ರಾಂತ ಕಂಡ ಸಾವನ್ನು ಬಂಗಾಳ ಕಾಣಲಿಲ್ಲ. ಇಂದಿನ ಭಾರತದ ಗಡಿಯೊಳಗಿನ ಜನಸಂಖ್ಯೆ 1921ರ ಗಣತಿಯಲ್ಲಿ ಹತ್ತು ವರ್ಷದ ಹಿಂದಿನದಕ್ಕಿಂತ ಇಳಿದಿತ್ತು. ಆಮೇಲಿನ ಯಾವ ಗಣತಿಯಲ್ಲೂ ಹಾಗಾಗಿಲ್ಲ.

ವರ್ಷವರ್ಷದ ಮಾಮೂಲಿ ಫ್ಲೂ ಅಷ್ಟು ಕ್ರೂರಿಯಲ್ಲ, ಆದರೆ ಹಾದಿ ಅದೇ. ಅಮೆರಿಕದ ಮೂವತ್ತು ವರ್ಷಗಳ ಸಾವಿನ ದಾಖಲೆ ಜಾಲಾಡಿದ ಸೆಸಿಲ್ ವಿಬೂ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದ್ದು ಇದನ್ನೇ: ಎರಡು ರಾಜ್ಯಗಳ ನಡುವೆ ಎಷ್ಟು ಮೈಲಿ ಎಂಬುದಕ್ಕಿಂತ, ಎಷ್ಟು ಜನ ಕೆಲಸಕ್ಕೆ ಹೋಗಿಬರುತ್ತಾರೆ ಎಂಬುದು ಫ್ಲೂವಿನ ನಡೆಯನ್ನು ಚೆನ್ನಾಗಿ ಹೇಳುತ್ತದೆ. ಜನ ಹೆಚ್ಚಿರುವ ರಾಜ್ಯಗಳು ಹೆಚ್ಚುಕಡಿಮೆ ಒಟ್ಟಿಗೆ ಕೆಮ್ಮುತ್ತವೆ, ಸಣ್ಣವು ಹಿಂದುಮುಂದಾಗುತ್ತವೆ.

ಬೇಲಾಪುರದಿಂದ ಮುಂಬಯಿಗೆ ಹಾರ್ಬರ್ ಲೈನಿನ ರೈಲಿನಲ್ಲಿ ಓಡಾಡುವವರಿಗೆ ಇದನ್ನು ವಿವರಿಸಬೇಕಿಲ್ಲ. ಬೆಳಗಿನ ಸಿಎಸ್‌ಎಂಟಿ ಲೋಕಲ್‌ನಲ್ಲಿ ಒಂದೇ ಸರಳಿಗೆ ನಾಲ್ಕು ಕೈ, ಒಬ್ಬರ ಉಸಿರು ಇನ್ನೊಬ್ಬರ ಕತ್ತಿಗೆ, ಒಂದು ತಾಸಿಗೂ ಮಿಕ್ಕಿದ ಹಾದಿ. ಮಳೆಗಾಲವಾದರೆ ಕಿಟಕಿಯೂ ಮುಚ್ಚಿರುತ್ತದೆ. ಜ್ವರ ಕಾಣಿಸುವ ಮುನ್ನಾದಿನವೇ ಅಂಟಿಸುವ ಶಕ್ತಿ ಇರುತ್ತದೆ, ಮೊದಲ ಮೂರು ನಾಲ್ಕು ದಿನ ಅದು ಜೋರು. (ಆ ದಿನಗಳಲ್ಲೇ ಕ್ರೋಸಿನ್ ನುಂಗಿ ಆಫೀಸಿಗೆ ಓಡುವವರು ನಾವು. ಸಂಬಳ ಕತ್ತರಿಸುವ ಕಡೆ ಬೇರೆ ದಾರಿಯೂ ಇಲ್ಲ.)

ಕೊಂಕಣ ರೈಲ್ವೆಯ ಕೇಂದ್ರ ಕಚೇರಿ ಇರುವುದು ಇಲ್ಲೇ, ಬೇಲಾಪುರ ಭವನದಲ್ಲಿ. 1998ರಲ್ಲಿ ಆ ಹಳಿ ಪೂರ್ತಿ ತೆರೆದ ಮೇಲೆ ಉಡುಪಿ ಕಡೆಯ ನಮ್ಮ ಊರು ಹತ್ತಿರವಾಯಿತು, ಜ್ವರಕ್ಕೂ. ಸೋಂಕು ತಗಲಿದರೂ ಜ್ವರ ಏರಲು ಒಂದರಿಂದ ನಾಲ್ಕು ದಿನ ಬೇಕು. ಪನ್ವೇಲಿನಲ್ಲಿ ಆರಾಮಾಗಿ ಮತ್ಸ್ಯಗಂಧಾ ರೈಲು ಹತ್ತಿದವರು ಮರುದಿನ ಬೆಳಗ್ಗೆ ಉಡುಪಿಯಲ್ಲಿಳಿದು, ಬಂಧುಗಳ ಜೊತೆ ಕೂತು ಉಂಡ ಮೇಲೆ ಮೈ ಬಿಸಿಯಾಗುತ್ತದೆ. ಪಕ್ಕದ ಘಟ್ಟದ ಹಳ್ಳಿಗಿಂತ ಉಡುಪಿಗೆ ಮುಂಬಯಿಯೇ ಹತ್ತಿರವಾಗುವುದು ಹೀಗೆ. ಅದರಲ್ಲೂ ಚೌತಿ ಬೀಳುವುದು ನಮ್ಮ ಕಡೆಯ ಫ್ಲೂ ಏರುವ ಜುಲೈ–ಸೆಪ್ಟೆಂಬರ್ ಅವಧಿಯ ಕೊನೆಗೆ. ಗಣಪತಿ ಸ್ಪೆಷಲ್ ಗಾಡಿಗಳು ತುಂಬಿ ಹೊರಡುವುದೂ ಆಗಲೇ.

ಓಡಾಟವೊಂದೇ ಕಾರಣವಾದರೆ ಇಡೀ ದೇಶಕ್ಕೆ ಒಂದೇ ಹೊತ್ತಿಗೆ ಜ್ವರ ಬರಬೇಕಿತ್ತು. ಬರುವುದಿಲ್ಲ. ಶ್ರೀನಗರದಲ್ಲಿ ಅದು ಜನವರಿಯಿಂದ ಮಾರ್ಚ್, ಪುಣೆ–ದಿಲ್ಲಿಯಲ್ಲಿ ನೈರುತ್ಯ ಮಳೆಯ ಜೊತೆ, ಚೆನ್ನೈಯಲ್ಲಿ ಹಿಂಗಾರಿನ ಜೊತೆ. ವೈರಸ್ಸು ಎಲ್ಲಿಗೆ ಹೋಗಬೇಕೆಂದು ಗಾಡಿ ಹೇಳಿದರೆ, ಎಲ್ಲಿ ಯಾವಾಗ ಬೇರು ಬಿಡಬೇಕೆಂದು ಹವೆ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಯ ತಳಿಗಳನ್ನು ವರ್ಷಕ್ಕೆರಡು ಸಲ ಆರಿಸುತ್ತದೆ, ಉತ್ತರಾರ್ಧ ಗೋಳಕ್ಕೊಂದು, ದಕ್ಷಿಣಕ್ಕೊಂದು. ನಾವು ಭೂಪಟದಲ್ಲಿ ಉತ್ತರದವರು, ಜ್ವರದಲ್ಲಿ ಅಲ್ಲ. ಇಲ್ಲಿನ ಹಿರಿಯರು ಏಪ್ರಿಲ್–ಮೇ ಹೊತ್ತಿಗೆ ಚುಚ್ಚಿಸಿಕೊಳ್ಳುವುದು ಲೇಸು. ದೀಪಾವಳಿ ಮುಗಿಯಲಿ ಎಂದು ಕಾದರೆ ಅಷ್ಟರಲ್ಲಿ ಆ ವರ್ಷದ ಜ್ವರ ಬಂದು ಹೋಗಿರುತ್ತದೆ.