ಕಾಳು ಹೊಟ್ಟುಗಳನ್ನು ತೂರುವವರು ಯಾರು?

ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಿದ್ದಾಗ, ಇದೇ ಪ್ರಸಾದನಿಲಯದಲ್ಲಿ ನನ್ನೊಡನೆ ಓದಿ ಇಂದು ಹಿರಿಯ ವಕೀಲರಾಗಿರುವ ಮಿತ್ರರೊಬ್ಬರು ಒಂದು ಮಾತನ್ನೆತ್ತಿದರು. "ಶರಣರೇ, ಧರ್ಮಸ್ವಾತಂತ್ರ್ಯವೆಂದರೆ ಕಂಡಕಂಡ ಆಚರಣೆಗೆಲ್ಲ ರಕ್ಷಣೆಯೆಂದು ಅರ್ಥವಲ್ಲ. ಧರ್ಮದಲ್ಲಿ ಕಾಳು ಯಾವುದು, ಹೊಟ್ಟು ಯಾವುದು ಎಂಬುದನ್ನು ನ್ಯಾಯಾಲಯ ತೂರಿ ಬೇರ್ಪಡಿಸುತ್ತದೆ. ಕಾಳಿಗೆ ರಕ್ಷಣೆಯುಂಟು, ಹೊಟ್ಟಿಗೆ ಇಲ್ಲ. ಇದರಲ್ಲಿ ತಪ್ಪೇನಿದೆ, ತಾವೇ ಹೇಳಿ" ಎಂದರು. ಪ್ರಸಾದದ ಪಂಕ್ತಿಯಲ್ಲಿ ವಾದಕ್ಕಿಳಿಯುವುದು ಸಲ್ಲದೆಂದು ನಾನು ಆಗ ಸುಮ್ಮನಾದೆ. ಆ ಮೌನವನ್ನು ಅವರು ಒಪ್ಪಿಗೆಯೆಂದು ತಿಳಿದುಕೊಂಡಂತಿದೆ. ಆದುದರಿಂದ ಈ ಲೇಖನ.

ತಪ್ಪಿದೆ. ಸಣ್ಣ ತಪ್ಪಲ್ಲ, ಬುಡದಲ್ಲಿಯೇ ತಪ್ಪಿದೆ. ಒಂದು ಆಚರಣೆಯು ಒಂದು ಧರ್ಮಕ್ಕೆ ಅತ್ಯಗತ್ಯವೋ ಅಲ್ಲವೋ ಎಂಬ ಪ್ರಶ್ನೆಯು ಆ ಧರ್ಮದೊಳಗಿನ ಪ್ರಶ್ನೆ. ಅದನ್ನು ಬಗೆಹರಿಸಬೇಕಾದವರು ಅದನ್ನು ಆಚರಿಸಿ ಬದುಕುವವರು. ಕಾನೂನು ಬಲ್ಲವರೆಂಬ ಒಂದೇ ಕಾರಣದಿಂದ ನ್ಯಾಯಮೂರ್ತಿಗಳಿಗೆ ಆ ಅಧಿಕಾರ ಸಲ್ಲುವುದಿಲ್ಲ.

ಈ ಅಳತೆಗೋಲು ಎಲ್ಲಿಂದ ಬಂದಿತೆಂಬುದನ್ನು ಮೊದಲು ನೋಡೋಣ. ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರ್ 2ರಂದು ಡಾ. ಅಂಬೇಡ್ಕರರು ಮಾತನಾಡುತ್ತ, ಈ ದೇಶದಲ್ಲಿ ಧರ್ಮದ ಕಲ್ಪನೆಯು ಹುಟ್ಟಿನಿಂದ ಸಾವಿನವರೆಗಿನ ಬಾಳನ್ನೆಲ್ಲ ಆವರಿಸಿಕೊಂಡಿರುವುದರಿಂದ, ಸ್ವಭಾವತಃ ಧಾರ್ಮಿಕವಾದುದಕ್ಕೆ ಮಾತ್ರ ಅದನ್ನು ಸೀಮಿತಗೊಳಿಸಬೇಕೆಂದರು. ಗೇಣಿ, ವಾರಸುದಾರಿಕೆಯಂತಹ ವ್ಯವಹಾರಗಳನ್ನು ಧರ್ಮದ ಹೆಸರಿನಲ್ಲಿ ಶಾಸನದ ಕೈಯಿಂದ ತಪ್ಪಿಸಬಾರದೆಂಬುದು ಅವರ ಇಂಗಿತ. ಅವರು ಗೆರೆ ಎಳೆದದ್ದು ಧಾರ್ಮಿಕಕ್ಕೂ ಲೌಕಿಕಕ್ಕೂ ನಡುವೆ. ಧಾರ್ಮಿಕವಾದುದರೊಳಗೇ ಮತ್ತೊಂದು ಗೆರೆ ಎಳೆದು, ಇದು ಮುಖ್ಯ ಇದು ಅಮುಖ್ಯ ಎಂದು ವಿಂಗಡಿಸಲು ಅವರು ಯಾರಿಗೂ ಹೇಳಲಿಲ್ಲ.

1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು ಉಡುಪಿಯ ಶೀರೂರು ಮಠದ ಮೊಕದ್ದಮೆಯನ್ನು ತೀರ್ಮಾನಿಸಿತು. ದಕ್ಷಿಣ ಕನ್ನಡವು ಆಗ ಮದ್ರಾಸು ರಾಜ್ಯದಲ್ಲಿತ್ತು. ಪರ್ಯಾಯದ ವೆಚ್ಚದಿಂದ ಸಾಲಕ್ಕೆ ಸಿಲುಕಿದ್ದ ಮಠದ ಆಡಳಿತದೊಳಕ್ಕೆ, 1951ರ ಮದ್ರಾಸು ಧಾರ್ಮಿಕ ದತ್ತಿಗಳ ಕಾಯಿದೆಯ ಬಲದಿಂದ ಸರ್ಕಾರಿ ಅಧಿಕಾರಿಗಳು ಕೈಯಿಡಬಹುದೇ ಎಂಬುದು ಪ್ರಶ್ನೆ. ನ್ಯಾಯಮೂರ್ತಿ ಬಿಜನ್ ಕುಮಾರ್ ಮುಖರ್ಜಿಯವರು ಬರೆದ ತೀರ್ಪು ಇಂದಿಗೂ ಓದತಕ್ಕದ್ದು. ಧರ್ಮದ ಅತ್ಯಗತ್ಯ ಭಾಗ ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯತಕ್ಕದ್ದು ಎಂದು ಅವರು ಹೇಳಿದರು. ಇಂತಹ ಹೊತ್ತಿನಲ್ಲಿ ದೇವರಿಗೆ ನೈವೇದ್ಯವಾಗಬೇಕು, ಇಂತಹ ದಿನ ಇಂತಹ ಉತ್ಸವ ನಡೆಯಬೇಕು ಎಂದು ಒಂದು ಸಂಪ್ರದಾಯವು ವಿಧಿಸಿದರೆ, ಅದಕ್ಕೆ ಹಣ ಖರ್ಚಾಗುತ್ತದೆಂಬ ಮಾತ್ರಕ್ಕೆ ಅದು ಲೌಕಿಕವಾಗದು ಎಂದರು. ಕಾಯಿದೆಯ ಹಲವು ಕಲಮುಗಳು ಬಿದ್ದುಹೋದವು. ಮಠವು ಮಾಧ್ವರದಾದರೂ ಆ ತೀರ್ಪಿನ ನೆರಳಿನಲ್ಲಿ ನಾಡಿನ ಎಲ್ಲ ಮಠಗಳೂ ನಿಂತಿವೆ ಎಂಬುದನ್ನು ನಾವು ಮರೆಯಲಾಗದು.

ಆದರೆ ಏಳೇ ವರ್ಷಗಳಲ್ಲಿ ಆ ಮಾತು ತಿರುಚಿಕೊಂಡಿತು. 1961ರಲ್ಲಿ ಅಜ್ಮೀರದ ದರ್ಗಾ ಸಮಿತಿಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರರು, ಧಾರ್ಮಿಕವೆನಿಸಿದ ಆಚರಣೆಗಳು ಕೂಡ ಮೂಢನಂಬಿಕೆಯಿಂದ ಹುಟ್ಟಿರಬಹುದು, ಅಂತಹವು ಧರ್ಮಕ್ಕೆ ಹೊರಗಿನಿಂದ ಅಂಟಿಕೊಂಡ ಅನಗತ್ಯ ಸಂಗತಿಗಳಾದಾವು, ಅವನ್ನು ಜಾಗರೂಕತೆಯಿಂದ ಪರೀಕ್ಷಿಸಬೇಕು ಎಂದು ಬರೆದರು. ಅಲ್ಲಿಗೆ ಮೊರ ನ್ಯಾಯಾಲಯದ ಕೈಗೆ ಬಂದಿತು! ಧರ್ಮವೇನು ಹೇಳುತ್ತದೆಂದು ಕೇಳಿ ತಿಳಿಯಬೇಕಾಗಿದ್ದವರು, ಧರ್ಮವು ಏನು ಹೇಳಬೇಕಾಗಿತ್ತೆಂದು ಬೋಧಿಸುವವರಾದರು.

ಇದರ ಪರಿಣಾಮ ಎಲ್ಲಿಗೆ ಮುಟ್ಟಿತೆಂಬುದನ್ನು ಆನಂದಮಾರ್ಗಿಗಳ ಮೊಕದ್ದಮೆಯಷ್ಟು ಸ್ಪಷ್ಟವಾಗಿ ತೋರಿಸುವುದು ಬೇರೊಂದಿಲ್ಲ. ಆ ಪಂಥವನ್ನು ನಾನು ಮೆಚ್ಚಿದವನಲ್ಲ. ತಲೆಬುರುಡೆ, ಹಾವು, ತ್ರಿಶೂಲ, ಚೂರಿಗಳನ್ನು ಹಿಡಿದು ಕಲಕತ್ತೆಯ ಬೀದಿಗಳಲ್ಲಿ ತಾಂಡವ ನೃತ್ಯ ಮಾಡುವುದನ್ನು ಪೊಲೀಸರು ತಡೆದರೆ ನನಗೆ ಅಚ್ಚರಿಯಿಲ್ಲ. ಸಾರ್ವಜನಿಕ ಶಾಂತಿಗಾಗಿ ತಡೆಯುವ ಅಧಿಕಾರವು ಸಂವಿಧಾನದಲ್ಲಿಯೇ ಇದೆ. ಆ ಕಾರಣವನ್ನಷ್ಟೇ ಹೇಳಿ ಮುಗಿಸಬಹುದಾಗಿತ್ತು. ಆದರೆ 1983ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಬೇರೆ. ಪಂಥವು ಸ್ಥಾಪನೆಯಾದದ್ದು 1955ರಲ್ಲಿ, ತಾಂಡವವನ್ನು ವಿಧಿಸಿದ್ದು 1966ರಲ್ಲಿ. ಪಂಥವೇ ಇತ್ತೀಚಿನದು, ತಾಂಡವ ಅದಕ್ಕಿಂತಲೂ ಇತ್ತೀಚಿನದು, ಆದ್ದರಿಂದ ಅದು ಅತ್ಯಗತ್ಯವಲ್ಲ! ಆಮೇಲೆ ಪಂಥದವರು ತಮ್ಮ ಗುರುವಿನ ಗ್ರಂಥದಲ್ಲಿ ಆ ವಿಧಿಯನ್ನು ಬರೆಯಿಸಿಕೊಂಡು ಮತ್ತೆ ಬಂದರು. 2004ರಲ್ಲಿ ಬಹುಮತದ ತೀರ್ಪು, ಧರ್ಮದ ತಿರುಳಿಗೆ ಕಾಲಕಾಲಕ್ಕೆ ಸೇರಿಸುವುದೂ ಕಳೆಯುವುದೂ ಸಾಧ್ಯವಿಲ್ಲವೆಂದು ಅವರನ್ನು ಹಿಂದಕ್ಕೆ ಕಳುಹಿಸಿತು. ನ್ಯಾಯಮೂರ್ತಿ ಎ. ಆರ್. ಲಕ್ಷ್ಮಣನ್ ಒಬ್ಬರು ಮಾತ್ರ ಭಿನ್ನಮತವನ್ನು ದಾಖಲಿಸಿದರು.

ಶರಣಬಂಧುಗಳೇ, ಈ ತರ್ಕವನ್ನು ಎತ್ತಿಕೊಂಡು ಒಂದು ಕ್ಷಣ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಹೋಗಿ. ಅಂಗೈಯ ಮೇಲೆ ಇಷ್ಟಲಿಂಗವನ್ನಿರಿಸಿಕೊಂಡು, ಗುಡಿಯ ಹಂಗಿಲ್ಲದೆ, ಪೂಜಾರಿಯ ಮಧ್ಯಸ್ಥಿಕೆಯಿಲ್ಲದೆ, ಹೆಣ್ಣು ಗಂಡೆನ್ನದೆ, ಕುಲವೆನ್ನದೆ ಪೂಜಿಸುವುದೇ ಧರ್ಮವೆಂದು ಬಸವಾದಿ ಪ್ರಮಥರು ಸಾರಿದಾಗ, ಬಿಜ್ಜಳನ ಆಸ್ಥಾನದಲ್ಲಿದ್ದ ಪಂಡಿತರು ಏನೆಂದು ಕೇಳಿದ್ದಿರಬಹುದು? ಇದು ಯಾವ ಶಾಸ್ತ್ರದಲ್ಲಿದೆ, ಎಷ್ಟು ಹಳೆಯದು, ಎಂದೇ ಅಲ್ಲವೆ? ಮಧುವರಸ ಹರಳಯ್ಯರ ಮನೆಗಳ ನಡುವೆ ನಡೆದ ಮದುವೆಯು ಯಾವ ಪ್ರಾಚೀನ ಗ್ರಂಥದ ಅತ್ಯಗತ್ಯ ವಿಧಿಯಾಗಿತ್ತು? ಆ ತಂದೆಯರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಹಳೆಯದಕ್ಕೆ ಮಾತ್ರ ಧರ್ಮವೆಂಬ ಮುದ್ರೆ ಬೀಳುವುದಾದರೆ, ಅನುಭವ ಮಂಟಪದ ಬಾಗಿಲಿಗೆ ಮೊದಲನೆಯ ದಿನವೇ ಬೀಗ ಬೀಳಬೇಕಾಗಿತ್ತು.

ಪ್ರಾಚೀನತೆಯಿದ್ದರೂ ಮಾನ್ಯತೆ ದೊರೆಯುವುದೆಂಬ ಭರವಸೆಯೂ ಇಲ್ಲ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಜೈನರ ಸಂಥಾರಾ ವ್ರತವನ್ನು ಆತ್ಮಹತ್ಯೆಯೆಂದೇ ಪರಿಗಣಿಸಬೇಕೆಂದು ತೀರ್ಪಿತ್ತಿತು. ಅದು ಧರ್ಮದ ಅತ್ಯಗತ್ಯ ಆಚರಣೆಯೆಂದು ಗ್ರಂಥಗಳಿಂದ ಸಿದ್ಧಪಟ್ಟಿಲ್ಲವೆಂಬುದು ಅದರ ಒಂದು ಮುಖ್ಯ ಆಧಾರ. ನಮ್ಮ ನಾಡಿನವರು ಇದನ್ನು ಸಲ್ಲೇಖನವೆಂದು ಬಲ್ಲರು. ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನೇರಿದವರು, ಅಲ್ಲಿನ ಬಂಡೆಗಳ ಮೇಲೆ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಕೊರೆದಿರುವ, ವ್ರತವಿಡಿದು ದೇಹವನ್ನು ಬಿಟ್ಟ ಮುನಿಗಳ, ಗೃಹಸ್ಥರ, ಸ್ತ್ರೀಯರ ಹೆಸರುಗಳನ್ನು ಕಂಡಿರುತ್ತಾರೆ. ಆ ಬೆಟ್ಟವೇ ಸಾಕ್ಷ್ಯಕ್ಕೆ ಬಂದು ನಿಂತರೂ ಸಾಲದೆ? ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆಯಾಜ್ಞೆ ನೀಡಿತೆಂಬುದು ಸಮಾಧಾನ. ವ್ರತದ ಹೆಸರಿನಲ್ಲಿ ಒಬ್ಬ ಅಸಹಾಯಕ ವೃದ್ಧರನ್ನು ಮನೆಯವರು ಬಲಾತ್ಕರಿಸಿದರೆ ಅದು ಅಪರಾಧವೇ. ಆದರೆ ಅದನ್ನು ಹೇಳಲು ಆಗಮಗಳ ಪುಟಗಳನ್ನು ತಿರುವಿಹಾಕುವ ಅಗತ್ಯವಿಲ್ಲ.

ಹಾಗಾದರೆ ಅಳತೆಗೋಲಿಲ್ಲದೆ ನ್ಯಾಯಾಲಯವು ತೀರ್ಪು ನೀಡುವುದು ಹೇಗೆ ಎಂದು ಮಿತ್ರರು ಕೇಳಬಹುದು. ಅನ್ಯ ದೇಶಗಳಲ್ಲಿ ನೀಡಿದ್ದಾರೆ. ಅಮೆರಿಕದ ಇಂಡಿಯಾನಾ ರಾಜ್ಯದ ಉಕ್ಕಿನ ಕಾರ್ಖಾನೆಯೊಂದರಲ್ಲಿ ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಗಡದ ಕಾರ್ಮಿಕನೊಬ್ಬನಿದ್ದ. ಯುದ್ಧಟ್ಯಾಂಕುಗಳ ಭಾಗಗಳನ್ನು ತಯಾರಿಸುವ ವಿಭಾಗಕ್ಕೆ ಅವನನ್ನು ವರ್ಗಾಯಿಸಿದಾಗ, ತನ್ನ ನಂಬಿಕೆಗೆ ಅದು ವಿರುದ್ಧವೆಂದು ಕೆಲಸ ಬಿಟ್ಟ. ನಿರುದ್ಯೋಗ ಭತ್ಯೆಯನ್ನು ರಾಜ್ಯವು ನಿರಾಕರಿಸಿತು. ಅದೇ ಪಂಗಡದ ಇನ್ನೊಬ್ಬ ಕಾರ್ಮಿಕನು ಆ ಕೆಲಸದಲ್ಲಿ ದೋಷವಿಲ್ಲವೆಂದು ಹೇಳಿದ್ದನು. ಇಬ್ಬರಲ್ಲಿ ಧರ್ಮವನ್ನು ಸರಿಯಾಗಿ ಅರಿತವನು ಯಾರು? 1981ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಅದನ್ನು ವಿಚಾರಿಸುವುದು ನ್ಯಾಯಾಲಯದ ಕೆಲಸವೇ ಅಲ್ಲ, ಧರ್ಮಗ್ರಂಥದ ಅರ್ಥವನ್ನು ನಿರ್ಣಯಿಸುವವರು ನಾವಲ್ಲ ಎಂದು ಹೇಳಿ ಅವನ ಪರವಾಗಿ ತೀರ್ಪಿತ್ತಿತು.

ಕೆನಡಾದ ಮಾಂಟ್ರಿಯಲ್ ನಗರದ ಪ್ರಕರಣ ಇನ್ನೂ ಸ್ವಾರಸ್ಯವಾದುದು. ಪರ್ಣಕುಟಿಯ ಹಬ್ಬದಂದು ಯೆಹೂದ್ಯರು ಕೆಲವು ದಿನ ಎಲೆಮಾಡಿನ ಗುಡಿಸಿಲಿನಲ್ಲಿರಬೇಕು. ಅನೇಕ ಮನೆಗಳ ದೊಡ್ಡ ಕಟ್ಟಡವೊಂದರ ನಿವಾಸಿಗಳು ತಮ್ಮ ತಮ್ಮ ಬಾಲ್ಕನಿಯಲ್ಲಿ ಅದನ್ನು ಕಟ್ಟಿದರು. ಕಟ್ಟಡದ ಸಂಘವು ನಿಯಮವನ್ನು ತೋರಿಸಿ, ಬೇಕಾದರೆ ತೋಟದಲ್ಲಿ ಎಲ್ಲರಿಗೂ ಸೇರಿ ಒಂದು ಗುಡಿಸಿಲಿರಲಿ ಎಂದಿತು. ಸ್ವಂತ ಗುಡಿಸಿಲೇ ಬೇಕೆಂಬ ವಿಧಿಯುಂಟೇ ಎಂದು ಕೇಳಿದಾಗ ಅವರ ಧರ್ಮಗುರುಗಳಲ್ಲಿಯೇ ಒಮ್ಮತವಿರಲಿಲ್ಲ. 2004ರಲ್ಲಿ, ಅಂದರೆ ನಮ್ಮಲ್ಲಿ ಆನಂದಮಾರ್ಗಿಗಳನ್ನು ಎರಡನೆಯ ಸಲ ಹಿಂದಕ್ಕೆ ಕಳುಹಿಸಿದ ವರ್ಷವೇ, ಕೆನಡಾದ ಸುಪ್ರೀಂ ಕೋರ್ಟು ನಾಲ್ವರ ವಿರುದ್ಧ ಐವರ ಬಹುಮತದಿಂದ ತೀರ್ಪು ನೀಡಿ, ಗುರುಗಳ ಸರ್ಟಿಫಿಕೇಟು ಬೇಡ, ಆ ವ್ಯಕ್ತಿಯ ನಂಬಿಕೆ ಪ್ರಾಮಾಣಿಕವೇ ಎಂದಷ್ಟೇ ನೋಡಿದರೆ ಸಾಕು ಎಂದಿತು. ಅಮೆರಿಕವೆಲ್ಲ ಬೆಳಕೆಂದು ನಾನು ಹೇಳುತ್ತಿಲ್ಲ. 1990ರಲ್ಲಿ ಅದೇ ಅಮೆರಿಕದ ನ್ಯಾಯಾಲಯವು, ಪೂಜೆಯಲ್ಲಿ ಮಾದಕ ಗಿಡವನ್ನು ಸೇವಿಸಿ ಕೆಲಸ ಕಳೆದುಕೊಂಡ ಮೂಲನಿವಾಸಿ ಪಂಥದವರಿಗೆ ಭತ್ಯೆಯನ್ನು ನಿರಾಕರಿಸಿತು. ಅದನ್ನು ಸರಿಪಡಿಸಲು ಮೂರು ವರ್ಷಗಳ ಮೇಲೆ ಅಲ್ಲಿನ ಸಂಸತ್ತು ಕಾಯಿದೆ ಮಾಡಬೇಕಾಯಿತು.

ಧರ್ಮದ ಲಕ್ಷಣವನ್ನು ರಾಜ್ಯವೇ ಬರೆಯಹೊರಟರೆ ದಾರಿಯು ಎಲ್ಲಿಗೆ ಹೋಗಿ ನಿಲ್ಲುತ್ತದೆಂಬುದಕ್ಕೆ ಪಾಕಿಸ್ತಾನವಿದೆ. 1974ರಲ್ಲಿ ಸಂವಿಧಾನವನ್ನು ತಿದ್ದಿ ಅಹ್ಮದೀಯರನ್ನು ಮುಸಲ್ಮಾನರಲ್ಲವೆಂದು ಘೋಷಿಸಿದರು. 1984ರ ಸುಗ್ರೀವಾಜ್ಞೆಯಿಂದ, ಅವರು ತಮ್ಮ ಪ್ರಾರ್ಥನಾಸ್ಥಳವನ್ನು ಮಸೀದಿಯೆಂದು ಕರೆದರೆ, ಆಜಾನ್ ಕೂಗಿದರೆ, ಮೂರು ವರ್ಷಗಳವರೆಗೆ ಸೆರೆವಾಸವೆಂದಾಯಿತು. 1993ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಬಹುಮತವು ಇದನ್ನು ಎತ್ತಿಹಿಡಿಯುವಾಗ ವ್ಯಾಪಾರಮುದ್ರೆಯ ಕಾನೂನನ್ನು ಉದಾಹರಿಸಿತು. ದೇವರ ನಾಮವು ಪಾನೀಯದ ಬಾಟಲಿಯ ಮೇಲಿನ ಚೀಟಿಯಂತಾಯಿತು! ನಮ್ಮ ನ್ಯಾಯಾಲಯಗಳು ಅಷ್ಟು ದೂರ ಹೋಗಿಲ್ಲ, ಹೋಗುವುದೂ ಇಲ್ಲವೆಂದು ನಂಬೋಣ. ಆದರೆ ನಿನ್ನ ಧರ್ಮವೇನೆಂದು ನಿನಗಿಂತ ನನಗೆ ಚೆನ್ನಾಗಿ ಗೊತ್ತು ಎಂಬ ಮಾತಿನಿಂದಲೇ ಆ ದಾರಿಯೂ ಆರಂಭವಾದದ್ದು.

ಈಗ ನನ್ನ ಮಿತ್ರರ ಬಲವಾದ ಆಕ್ಷೇಪಣೆಗೆ ಬರುತ್ತೇನೆ. ಧರ್ಮದ ಹೆಸರಿನಲ್ಲಿ ಅಸ್ಪೃಶ್ಯತೆಯನ್ನು ಆಚರಿಸಿದರೆ? ಬಸವಣ್ಣನವರ ಹೆಸರು ಹೇಳುವ ನಾವು ಅದಕ್ಕೆ ರಕ್ಷಣೆ ಕೋರುವೆವೇ? ಎಂದಿಗೂ ಇಲ್ಲ. ಆದರೆ ಅದನ್ನು ಅಳಿಸುವ ದಾರಿ ಬೇರೆ ಇದೆ. 1966ರಲ್ಲಿ ಸ್ವಾಮಿನಾರಾಯಣ ಪಂಥದ ಸತ್ಸಂಗಿಗಳು, ತಾವು ಹಿಂದೂಗಳಲ್ಲವಾದುದರಿಂದ ಹರಿಜನರ ದೇವಾಲಯ ಪ್ರವೇಶದ ಕಾಯಿದೆ ತಮಗೆ ಅನ್ವಯಿಸದೆಂದು ವಾದಿಸಿದರು. ಹರಿಜನರಿಗೆ ಬಾಗಿಲು ತೆರೆಯಿತು, ಅದು ನ್ಯಾಯವೇ. ಆದರೆ ಆ ತೀರ್ಪಿನಲ್ಲಿ ಸತ್ಸಂಗಿಗಳಿಗೆ, ನಿಮ್ಮ ಗುರುವಿನ ಉಪದೇಶವನ್ನು ನೀವೇ ಸರಿಯಾಗಿ ತಿಳಿದಿಲ್ಲವೆಂದು ಪಾಠ ಹೇಳುವ ಪ್ರಮೇಯವೇನಿತ್ತು? ಅದಕ್ಕೆ ಒಂಬತ್ತು ವರ್ಷ ಮೊದಲೇ, 1957ರ ನವೆಂಬರ್‌ನಲ್ಲಿ, ನಮ್ಮ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಮೊಕದ್ದಮೆಯಲ್ಲಿ ಇದೇ ಸುಪ್ರೀಂ ಕೋರ್ಟು ನೇರವಾದ ದಾರಿಯನ್ನು ತೋರಿಸಿತ್ತು. ದೇವಸ್ಥಾನವು ಗೌಡ ಸಾರಸ್ವತ ಬ್ರಾಹ್ಮಣರದೆಂಬುದು ನಿಜ. ಒಳಗೆ ಯಾರು ಬರಬೇಕೆಂಬುದು ಆಗಮಗಳ ಪ್ರಕಾರ ಧರ್ಮದ ವಿಷಯವೇ ಎಂಬುದೂ ನಿಜ. ಆದರೂ 25ನೆಯ ಅನುಚ್ಛೇದವು ಹಿಂದೂಗಳ ಎಲ್ಲ ವರ್ಗಗಳಿಗೂ ಸಾರ್ವಜನಿಕ ದೇವಾಲಯಗಳನ್ನು ತೆರೆಯಲು ಅಧಿಕಾರ ಕೊಟ್ಟಿದೆ, ಆದ್ದರಿಂದ ಬಾಗಿಲು ತೆರೆಯತಕ್ಕದ್ದು. ಆ ಸಮಾಜಕ್ಕೇ ಮೀಸಲಾದ ಕೆಲವು ವಿಶೇಷ ಸೇವೆಗಳನ್ನು ಅವರಿಗೇ ಬಿಟ್ಟರು. ಯಾರ ನಂಬಿಕೆಯನ್ನೂ ಮೌಢ್ಯವೆಂದು ಹೀಯಾಳಿಸದೆ, ಸಮಾನತೆಯನ್ನು ಎಳ್ಳಷ್ಟೂ ಬಿಟ್ಟುಕೊಡದೆ ಕೊಟ್ಟ ತೀರ್ಪು ಅದು.

ನ್ಯಾಯಮೂರ್ತಿಗಳನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಮೊರವನ್ನು ಅವರ ಕೈಗಿತ್ತವರಲ್ಲಿ ನಾವೂ ಇದ್ದೇವೆ. ಮಠಗಳು, ದೇವಸ್ಥಾನಗಳು, ಮಸೀದಿಗಳು ತಮ್ಮ ವ್ಯಾಜ್ಯ ಬಂದಾಗಲೆಲ್ಲ, ನಮ್ಮದು ಅತ್ಯಗತ್ಯವೆಂದು ಘೋಷಿಸಿರಿ ಎಂದು ಕೋರ್ಟಿನ ಕಟ್ಟೆಯೇರುತ್ತವೆ. ಪರರದು ಅತ್ಯಗತ್ಯವಲ್ಲವೆಂದು ತೀರ್ಪಾದರೆ ಸಂತೋಷಪಡುತ್ತವೆ. 2022ರ ಮಾರ್ಚ್ 15ರಂದು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯವು ಹಿಜಾಬು ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲವೆಂದಾಗ, ನಮ್ಮ ಭಕ್ತರಲ್ಲಿಯೂ ಕೆಲವರು ಹರ್ಷಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಶಾಲೆಯ ಸಮವಸ್ತ್ರದ ಪ್ರಶ್ನೆಯಲ್ಲಿ ಯಾರಿಗೆ ಯಾವ ಅಭಿಪ್ರಾಯವಾದರೂ ಇರಲಿ. ಆದರೆ ಕುರಾನಿನ ಅರ್ಥವನ್ನು ನ್ಯಾಯಾಲಯವು ಹೇಳಬಹುದೆಂದು ಇಂದು ಒಪ್ಪಿದವರು, ಕೊರಳಲ್ಲಿ ಧರಿಸಿದ ಇಷ್ಟಲಿಂಗವು ಅತ್ಯಗತ್ಯವೋ ಐಚ್ಛಿಕವೋ ಎಂದು ನಾಳೆ ಅದೇ ನ್ಯಾಯಾಲಯ ಕೇಳಿದರೆ ಯಾವ ಬಾಯಿಂದ ಬೇಡವೆನ್ನುವರು? ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನವಾಗಿ ತೀರ್ಪಿತ್ತರು. ಅವರಲ್ಲಿ ನ್ಯಾಯಮೂರ್ತಿ ಧೂಲಿಯಾ ಅವರು, ಈ ವಿವಾದಕ್ಕೆ ಅತ್ಯಗತ್ಯ ಆಚರಣೆಯೆಂಬ ಪ್ರಶ್ನೆಯೇ ಬೇಕಿರಲಿಲ್ಲವೆಂದರು. ಆ ಒಂದು ಮಾತನ್ನು ನಮ್ಮವರು ಗಮನಿಸಿದಂತೆ ತೋರಲಿಲ್ಲ.

ಮುಂದಿನ ಗೋಷ್ಠಿಗೂ ವಕೀಲ ಮಿತ್ರರು ಬರುವವರಿದ್ದಾರೆ. ಮೂಲ್ಕಿಯ ತೀರ್ಪಿನ ಪ್ರತಿಯೊಂದನ್ನು ಅವರಿಗಾಗಿ ತೆಗೆದಿರಿಸಿದ್ದೇನೆ. ಪ್ರಸಾದಕ್ಕೆ ಮುಂಚೆಯೇ ಕೊಡುತ್ತೇನೆ.