ಕೋಣಕ್ಕೆ ಅಜ್ಜನ ಮುಖ



ಹೋದ ತಿಂಗಳು ತಿಕೋಟಾದ ಅಕ್ಕನ ಮನೆಗೆ ಹೋಗಿದ್ದೆ. ಅಳಿಯ ಪಿಯುಸಿ ಎರಡನೇ ವರ್ಷ. ಮುಂದೆ ಪುಸ್ತಕ, ಕೈಯಲ್ಲಿ ಮೊಬೈಲ್. ಇಣುಕಿ ನೋಡಿದರೆ ಕಪ್ಪು ಆಕಾಶ, ಸುಡುಗಾಡು, ಮೈತುಂಬ ರಕ್ತ ಮಾಡಿಕೊಂಡು ನಿಂತ ಹತ್ತು ತಲೆಯವ. ರಾವಣನ ಮೇಲೆ ಬಂದ ಇಂಗ್ಲಿಷ್ ಗ್ರಾಫಿಕ್ ಕಾದಂಬರಿಯಂತೆ. ಡಾರ್ಕ್ ಫ್ಯಾಂಟಸಿ ಅಂತಾರಂತೆ ಇಂಥವಕ್ಕೆ.

ನಾನು ಬೈದೆ. "ಬಾಬಾಸಾಹೇಬರು ಇದನ್ನೆಲ್ಲಾ ಬಿಟ್ಟು ಬರ್ರಿ ಅಂದ್ರ ನೀ ಮತ್ತ ಅದರಾಗ ಹೊಕ್ಕೊಂಡು ಕುಂತೀಯಲ್ಲೋ. ಎಫ್‌ಡಿಎ ಪುಸ್ತಕ ಹಿಡಿ."

ಅವನು ವಾದ ಮಾಡಲಿಲ್ಲ. "ಮಾಮಾ, ಇದರಾಗ ರಾಕ್ಷಸ ಮಾತಾಡ್ತಾನ. ಹಳೇ ಕಥ್ಯಾಗ ಬರೇ ಸಾಯ್ತಾನ" ಅಂದ ಅಷ್ಟೆ.

ವಿಜಯಪುರಕ್ಕೆ ವಾಪಸ್ ಬರುವಾಗ ಬಸ್ಸು ತೊರವಿ ದಾಟಿತು. ಕುಮಾರ ವಾಲ್ಮೀಕಿಯ ತೊರವೆ ರಾಮಾಯಣದ ಊರು ಇದು. ಭಾಮಿನಿ ಷಟ್ಪದಿಯಲ್ಲಿ ರಾಮ-ರಾವಣರ ಕಥೆ ಹರಿದ ರಸ್ತೆ. ಅಂದರೆ ಈ ದಾರಿಗೆ ರಾವಣ ಹೊಸಬನಲ್ಲ. ಆದರೆ ಹುಡುಗ ಹೇಳಿದ್ದು ಬೇರೆ. ರಾಕ್ಷಸ ಈಗ ಮಾತಾಡುತ್ತಿದ್ದಾನೆ, ಅದಕ್ಕೇ ನಾ ಓದುತ್ತಿದ್ದೀನಿ ಅಂತ. ಆ ಮಾತು ನನ್ನನ್ನು ಮನೆಯವರೆಗೂ ಬಿಡಲಿಲ್ಲ.

ಖರೇ ಹೇಳಬೇಕಂದ್ರ ಬೈಯೋ ಹಕ್ಕು ನನಗೂ ಇರಲಿಲ್ಲ. ಚಿಕ್ಕವನಿದ್ದಾಗ ರದ್ದಿ ಅಂಗಡಿಯ ಮುಂದೆ ಕೂತು ಹರಿದ ಚಂದಮಾಮ ಓದಿದವ ನಾನು. ಮೊದಲು ತೆರೆಯುತ್ತಿದ್ದದ್ದು ಬೇತಾಳನ ಕಥೆಯ ಪುಟ. ಶಂಕರ್ ಬರೆದ ಆ ಚಿತ್ರ ನಿಮಗೂ ನೆನಪಿರಬೇಕು: ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ನಡುರಾತ್ರಿಯಲ್ಲಿ ರಾಜ. ನಮ್ಮ ಅಜ್ಜ ಊರಿನ ಕುಣಿ ತೋಡುತ್ತಿದ್ದ, ಹಲಗಿ ಬಾರಿಸುತ್ತಿದ್ದ. ರಾಜ ಒಂದು ಹೆಣ ಹೊತ್ತದ್ದಕ್ಕೆ ತಿಂಗಳಿಗೊಂದು ಕಥೆಯಾಯಿತು. ಅಜ್ಜ ಜೀವನಪೂರ್ತಿ ಸುಡುಗಾಡಿಗೆ ಓಡಾಡಿದ್ದಕ್ಕೆ ಸಿಕ್ಕದ್ದು ಆಯದ ಜೋಳ. ಅವತ್ತು ಇದು ನನಗೆ ಹೊಳೆದಿರಲಿಲ್ಲ. ರಾಜನ ಚಿತ್ರ ನೋಡಿ ನಾನೂ ರಾಜನೇ ಆಗುತ್ತಿದ್ದೆ.

ಆಮೇಲೆ ಅಮರ ಚಿತ್ರಕಥೆ ಸಿಕ್ಕಿತು. ಅನಂತ ಪೈ 1967ರಲ್ಲಿ ಶುರು ಮಾಡಿದ ಮಾಲಿಕೆ. 1979ರಲ್ಲಿ ಬಾಬಾಸಾಹೇಬರ ಮೇಲೂ ಒಂದು ಸಂಚಿಕೆ ಬಂತು, ಅದನ್ನು ಅಲ್ಲಗಳೆಯಲ್ಲ. ಆದರೆ ಪುರಾಣದ ಸಂಚಿಕೆಗಳಲ್ಲಿ ಅಸುರರನ್ನು ಹೇಗೆ ಬರೆದಿರುತ್ತಿದ್ದರು ನೆನಪು ಮಾಡಿಕೊಳ್ಳಿ. ದಪ್ಪ ತುಟಿ, ಕೆದರಿದ ಕೂದಲು, ಕಂದು-ಕಪ್ಪು ಮೈ. ಕೇರಿಯ ಹುಡುಗ ಆ ಪುಟದಲ್ಲಿ ತನ್ನಂಥ ಮುಖ ಹುಡುಕಿದರೆ ಸಿಗುತ್ತಿದ್ದದ್ದು ಕೊನೆಯ ಪುಟದಲ್ಲಿ ಸಾಯುವವನಲ್ಲಿ.

ಹೊಸ ಡಾರ್ಕ್ ಫ್ಯಾಂಟಸಿಯ ಸೆಳೆತ ಇಲ್ಲೇ ಐತಿ ಅನಸ್ತದ ನನಗ. ಆ ಅಸುರನಿಗೆ ಈಗ ತಾಯಿ ಇದ್ದಾಳೆ, ಹಸಿವಿದೆ, ಅವಮಾನ ಆಗಿದೆ, ಸಿಟ್ಟಿಗೆ ಕಾರಣ ಇದೆ. ದೇವರು ಮೋಸ ಮಾಡುತ್ತಾನೆ, ಒಳ್ಳೆಯದು ಕೆಟ್ಟದ್ದು ಕಲಸಿಹೋಗುತ್ತದೆ. ನಮ್ಮ ಹುಡುಗರು ದಿನಾ ನೋಡುವ ಲೋಕವೂ ಹಂಗ ಐತಲ್ಲ. ಬಬಲೇಶ್ವರದಲ್ಲಿ ಹಾಸ್ಟೆಲ್ ಹುಡುಗರ ಜೊತೆ ಮಾತಾಡಲು ಆಗಾಗ ಹೋಗುತ್ತೇನೆ. ಮಹಾಡ್ ಸತ್ಯಾಗ್ರಹದ ಇಸವಿ ಕೇಳಿದರೆ ಒಂದೆರಡು ಕೈ ಏಳುತ್ತವೆ. ರಾವಣ ಯಾಕೆ ಸೋತ ಅಂತ ಕೇಳಿದೆ ನೋಡ್ರಿ, ಅರ್ಧ ತಾಸು ಜಗಳ! ತಪ್ಪು ಹುಡುಗರದಲ್ಲ. ನಾವು ಇಸವಿ ಹೇಳಿದೆವು, ಇನ್ಯಾರೋ ಕಥೆ ಹೇಳಿದರು.

ಕೆಲವು ಗೆಳೆಯರು ಕೇಳುತ್ತಾರೆ: 1956ರಲ್ಲಿ ನಾಗಪುರದಲ್ಲಿ 22 ಪ್ರತಿಜ್ಞೆ ಮಾಡಿ ದಾಟಿ ಬಂದ ಮೇಲೆ ಈ ಪುರಾಣ ಯಾಕೆ ಬೇಕು? ಪ್ರಶ್ನೆ ಸರಿಯಾಗೇ ಇದೆ. ಆದರೆ ಬಾಬಾಸಾಹೇಬರು ಓದದೆ ಬಿಟ್ಟವರಲ್ಲ. ಅವರ ಹಿಂದೂ ಧರ್ಮದ ಒಗಟುಗಳನ್ನು ಮಹಾರಾಷ್ಟ್ರ ಸರ್ಕಾರ 1987ರಲ್ಲಿ ಪ್ರಕಟಿಸಿದಾಗ ರಾಮ-ಕೃಷ್ಣರ ಭಾಗಕ್ಕೆ ಎಷ್ಟು ಗದ್ದಲ ಆಯಿತು! ಅಷ್ಟು ಸೂಕ್ಷ್ಮವಾಗಿ ಓದಿದ್ದಕ್ಕೇ ಅದು ಚುಚ್ಚಿತು. ಜೋತಿಬಾ ಫುಲೆಯವರು 1873ರಲ್ಲೇ 'ಗುಲಾಮಗಿರಿ'ಯಲ್ಲಿ ದಶಾವತಾರವನ್ನು ತಿರುಗಿಸಿ ಇಟ್ಟರು. ಅಲ್ಲಿ ವಾಮನ ಮೋಸಗಾರ, ಬಲಿ ನಮ್ಮ ರಾಜ. ಈ ಹೊಸ ಪುಸ್ತಕಗಳು ಈಗ ಮಾಡುತ್ತಿರುವ ಕೆಲಸವನ್ನು ಫುಲೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಮಾಡಿದ್ದರು, ಅದೂ ವಿಮೋಚನೆಗಾಗಿ.

ನನ್ನ ತಕರಾರು ಬೇರೆ ಇದೆ. ಈ ಪುಸ್ತಕಗಳಲ್ಲಿ ಎದ್ದು ಬಂದವರು ಯಾರು? ರಾವಣ ಪುಲಸ್ತ್ಯನ ಮೊಮ್ಮಗ, ಬ್ರಾಹ್ಮಣ, ಚಿನ್ನದ ಲಂಕೆಯ ದೊರೆ. ಸೋತವನ ಕಥೆ ಅಂತ ಮಾರುವಾಗಲೂ ದೊಡ್ಡ ಮನೆತನದ ಸೋತವನೇ ಬೇಕು. ತಪಸ್ಸು ಮಾಡಿದ್ದಕ್ಕೆ ತಲೆ ಕಳೆದುಕೊಂಡ ಶಂಬೂಕ ಎಲ್ಲಿ? ಬೆರಳು ಕೊಟ್ಟ ಏಕಲವ್ಯ ಎಲ್ಲಿ? ಕುವೆಂಪು 1944ರಲ್ಲೇ 'ಶೂದ್ರ ತಪಸ್ವಿ' ಬರೆದು ಬಾಣವನ್ನು ಬ್ರಾಹ್ಮಣನ ಕಡೆ ತಿರುಗಿಸಿದ್ದರು. ನಮ್ಮ ಹುಡುಗರ ಮೊಬೈಲಿಗೆ ಆ ಶಂಬೂಕ ಇನ್ನೂ ಬಂದಿಲ್ಲ.

ಮುಂದಿನ ಸಲ ಹೋದಾಗ ಅಳಿಯ ತಾನಾಗೇ ಒಂದು ನೋಟ್‌ಬುಕ್ ತಂದು ತೋರಿಸಿದ. ದ್ಯಾಮವ್ವನ ಕಥೆಯನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದ. ನಮ್ಮ ಭಾಗದವರಿಗೆ ಗೊತ್ತು, ಊರಿಗೊಂದು ಥರ ಹೇಳುತ್ತಾರೆ. ಕೇರಿಯ ಹುಡುಗ ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾಗುತ್ತಾನೆ. ಅವನ ತಾಯಿ ಬಂದು, ಬಡಿಸಿದ ಸಿಹಿ ತಿಂದು, ಎಮ್ಮೆ ನಾಲಿಗೆ ತಿಂದಂಗ ಐತಿ ಅಂದುಬಿಡುತ್ತಾಳೆ. ಗುಟ್ಟು ಒಡೆಯುತ್ತದೆ. ಹುಡುಗಿ ಉರಿದು ದೇವಿಯಾಗುತ್ತಾಳೆ, ಗಂಡ ಕೋಣ ಆಗುತ್ತಾನೆ, ಆ ಕೋಣವನ್ನು ಜಾತ್ರೆಗೆ ಜಾತ್ರೆ ಕಡಿಯಬೇಕು. ಹಲಗಿ ಬಾರಿಸೋರು ಯಾರು? ನಾವೇ. ನಮ್ಮವನನ್ನು ಕೊಂದ ಕಥೆಗೆ ನಮ್ಮದೇ ವಾದ್ಯ.

ಇದಕ್ಕಿಂತ ಕತ್ತಲೆಯ ಫ್ಯಾಂಟಸಿ ಯಾವ ಇಂಗ್ಲಿಷ್ ಪುಸ್ತಕದಲ್ಲಿದೆ ಹೇಳಿ. ಮತ್ತೆ ಇದು ಬರೀ ಕಥೆಯೂ ಅಲ್ಲ. ಜಾತಿ, ಧರ್ಮ ದಾಟಿ ಪ್ರೀತಿಸಿದವರ ಹೆಣಗಳನ್ನು ನಮ್ಮ ಜಿಲ್ಲೆ ಕಣ್ಣಾರೆ ನೋಡಿದೆ.

ಹುಡುಗ ಆ ಕೋಣಕ್ಕೆ ನಮ್ಮ ಅಜ್ಜನ ಮುಖ ಬರೆದಿದ್ದ. ಗೋಡೆಯ ಮೇಲಿನ ಫೋಟೋ ನೋಡಿ ಬರೆದದ್ದು, ರುಮಾಲು ಸಹಿತ. ಪಕ್ಕದಲ್ಲಿ ಮಾತಿನ ಗುಳ್ಳೆ, ಒಳಗೆ ಖಾಲಿ. "ಇಲ್ಲಿ ಏನು ಬರಿಬೇಕು ಮಾಮಾ? ಅಜ್ಜ ಏನಂತಿದ್ದ?" ಅಂತ ಕೇಳಿದ. ನನಗೆ ಉತ್ತರ ಬರಲಿಲ್ಲ. ಇಪ್ಪತ್ತು ವರ್ಷದಿಂದ ಭಾಷಣ ಮಾಡುತ್ತಿದ್ದೀನಿ. ಅಜ್ಜನನ್ನು ಕೂರಿಸಿಕೊಂಡು ಒಮ್ಮೆಯೂ ಕೇಳಿರಲಿಲ್ಲ.

ಈ ಖಾಲಿ ಗುಳ್ಳೆ ತುಂಬಿಸೋ ದಾರಿ ತೋರಿಸಿದವರು ಇದ್ದಾರೆ. 2011ರಲ್ಲಿ ನವಯಾನ ಪ್ರಕಟಿಸಿದ 'ಭೀಮಾಯಣ' ನೋಡಿ. ಪ್ರಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಬಾಬಾಸಾಹೇಬರ ಬದುಕನ್ನು ತಮ್ಮ ಬುಡಕಟ್ಟಿನ ಚಿತ್ರದಲ್ಲೇ ಹೇಳಿದರು. ಚೌಕ ಮನೆಗಳೊಳಗೆ ಚಿತ್ರ ಕೂಡಿಹಾಕಲು ಒಪ್ಪಲಿಲ್ಲ. ನೊಂದವರ ಮಾತಿಗೆ ಹಕ್ಕಿಯ ಆಕಾರ, ಜಾತಿಯ ವಿಷ ಕಾರುವ ಮಾತಿಗೆ ಚೇಳಿನ ಕೊಂಡಿ. ನೀರು ಸಿಗದ ಬಾಲಕ ಭೀಮ, ಬರೋಡಾದಲ್ಲಿ ಮನೆ ಸಿಗದ ಅಧಿಕಾರಿ ಅಂಬೇಡ್ಕರ್, ಇವೆಲ್ಲ ಅದರಲ್ಲಿವೆ. ಅದೇ ವರ್ಷ 'ಗುಲಾಮಗಿರಿ'ಯನ್ನು ಆಧರಿಸಿದ 'ಎ ಗಾರ್ಡನರ್ ಇನ್ ದ ವೇಸ್ಟ್‌ಲ್ಯಾಂಡ್' ಕೂಡ ಬಂತು.

ಹಂಗಾಗಿ ನನ್ನ ವಿನಂತಿ ಎರಡೇ. ಮಕ್ಕಳ ಕೈಯಿಂದ ಆ ಪುಸ್ತಕ ಕಸಿಯಬೇಡಿ, ಜೊತೆಗೆ ಕೂತು ಓದಿ. ಕಡಿಯುವವರು ಯಾರು, ಸಾಯುವವರು ಯಾರು, ಕಥೆ ಕಟ್ಟಿದವರು ಯಾರು ಅಂತ ಕೇಳಿ. ಎರಡನೇದು, ನಿಮ್ಮ ಕೇರಿಯ ಆಯಿ, ಮುತ್ಯಾ ಇನ್ನೂ ಇದ್ದರೆ ಇವತ್ತೇ ಮೊಬೈಲಿನಲ್ಲಿ ಅವರ ಮಾತು ತುಂಬಿಕೊಳ್ಳಿ. ಚಿತ್ರ ಬರೆಯುವ ಕೈ ನಮ್ಮ ಮನೆಗಳಲ್ಲಿ ಹುಟ್ಟಿವೆ. ಅವಕ್ಕೆ ಮಾತು ಬೇಕು.

ಅಳಿಯನಿಗೆ ಗಾಂಧಿ ಚೌಕದಲ್ಲಿ ಕಪ್ಪು ಇಂಕು, ಒಳ್ಳೆ ಕಾಗದ ಕೊಂಡುಕೊಟ್ಟಿದ್ದೀನಿ. ಎಫ್‌ಡಿಎ ಪುಸ್ತಕವೂ ಅಲ್ಲೇ ಐತಿ, ಅದನ್ನೂ ಓದ್ತಾನ. ಗುಳ್ಳೆ ಇನ್ನೂ ಖಾಲಿ ಇದೆ. ಅಜ್ಜನ ಜೊತೆ ಹಲಗಿ ಬಾರಿಸಿದ ಒಬ್ಬ ಮುತ್ಯಾ ಬಬಲೇಶ್ವರ ಕಡೆಯ ಹಳ್ಳಿಯಲ್ಲಿದ್ದಾನೆ. ಈ ಭಾನುವಾರ ಇಬ್ಬರೂ ಹೊಂಟೀವಿ.

ಜೈಭೀಮ್.